ಪಂಪ್‌ಹೌಸಿನ ಎರಡನೇ ಅಂಗಿ

ಸೋಮವಾರ, ೪

ಇವತ್ತು ನನಗೆ ಅಂಗಿಗೆ ಹೆಸರಿನ ಪಟ್ಟಿ ಹೊಲಿಯುವುದು ಬಂತು! ನಾಲ್ಕು ಅಂಚೂ ಸಮ, ಒಂದು ಎಳೆ ಕೂಡ ಹೊರಗೆ ಕಾಣುವುದಿಲ್ಲ. ಸೂಜಿ ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಪರವಾಗಿಲ್ಲ ಕಣೇ, ಕಾಗೆ ಕಾಲಿನಿಂದ ಕೋಳಿ ಕಾಲಿಗೆ ಬಂದಿದೀಯ" ಅಂದರು. ಅವರ ಬಾಯಲ್ಲಿ ಅದು ಫಸ್ಟ್ ಕ್ಲಾಸ್ ಬಂದ ಹಾಗೆ.

ಲಾಂಡ್ರಿಯಲ್ಲಿ ನನ್ನ ಕೆಲಸ ಬೆಳಿಗ್ಗೆ ಎಂಟರಿಂದ ಒಂದು ಗಂಟೆವರೆಗೆ. ಬಂದ ಬಟ್ಟೆಗೆ ಚೀಟಿ ಕಟ್ಟುವುದು, ಜೇಬು ತಡಕುವುದು, ಎಣಿಸಿ ಬರೆಯುವುದು, ಅಷ್ಟೇ. ಹೊಲಿಗೆ ನನಗೆ ಸೇರಿದ್ದಲ್ಲ, ಅದು ಅಕ್ಕನದು. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಆಸ್ಪತ್ರೆ, ಹೋಟೆಲು, ಕಾರ್ಖಾನೆಯ ಯೂನಿಫಾರ್ಮುಗಳು ಗಂಟು ಗಂಟಾಗಿ ಬರುತ್ತವೆ. ಪ್ರತಿ ಅಂಗಿಯ ಜೇಬಿನ ಮೇಲೆ ಹೆಸರು ಅಚ್ಚೊತ್ತಿದ ಬಟ್ಟೆಯ ಪಟ್ಟಿ. ಒಗೆದು ಒಗೆದು ಅದು ಕಿತ್ತುಬಂದರೆ ಅಕ್ಕ ರಬ್ಬರ್ ಅಕ್ಷರ ಜೋಡಿಸಿ ಹೊಸದನ್ನು ಅಚ್ಚೊತ್ತಿ ಹೊಲಿಯುತ್ತಾರೆ. ಕೆಲಸ ಕಡಿಮೆ ಇದ್ದಾಗ ನನಗೂ ಕಲಿಸುತ್ತಾರೆ, ಯಜಮಾನಿಗೆ ಗೊತ್ತಿಲ್ಲದೆ.

ಮದುವೆಯಾಗಿ ಇವತ್ತಿಗೆ ಎಂಬತ್ತೇಳು ದಿನ. ಗುರುವಾರಕ್ಕೆ ತೊಂಬತ್ತು! ನನ್ನ ಕರಡಿಗೆ ಇದು ನೆನಪಿರುವುದಿಲ್ಲ, ಪಂದ್ಯ ಕಟ್ಟುತ್ತೇನೆ. (ಕರಡಿ ಅಂದರೆ ನನ್ನ ಗಂಡ. ಬೆಳಿಗ್ಗೆ ಚಹಾ ಒಳಗೆ ಹೋಗುವವರೆಗೆ ಮಾತಿಲ್ಲ, ಬರೀ ಗುರ್ ಗುರ್.) ಅಕ್ಕನಿಗೂ ಅವನ ನಿಜವಾದ ಹೆಸರು ಗೊತ್ತಿಲ್ಲ. ದಿನಾ "ಕರಡಿ ಏನಂತೆ?" ಎಂದೇ ಕೇಳುತ್ತಾರೆ.

ಸ್ಕೂಲಿನಲ್ಲಿ ಮನೆಮಾತು ಆಡಿದರೆ ದಂಡ ಹಾಕುತ್ತಿದ್ದರು. ಹಾಗಾಗಿ ಗುಟ್ಟು ಬರೆಯಬೇಕೆಂದರೆ ನನಗೆ ಇದೇ ಭಾಷೆ. ಈಗ ಯಾರು ದಂಡ ಹಾಕುತ್ತಾರೋ ನೋಡೋಣ!

ಮಾವನಿಗೆ ಇವತ್ತು ಲೋಟಕ್ಕೆ ಅರ್ಧ ಮಾತ್ರ ಚಹಾ ಹಾಕಿದೆ. ಪೂರ್ತಿ ಹಾಕಿದರೆ ಬಲಗೈ ನಡುಗಿ ಅಂಗಿಯ ಮೇಲೆ ಚೆಲ್ಲುತ್ತದೆ, ಆಮೇಲೆ ಅವರು ನನ್ನ ಮುಖ ನೋಡುವುದಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅವರು ರಜೆಯಲ್ಲಿದ್ದಾರೆ. ಕಾರ್ಖಾನೆಯ ಪಂಪ್‌ಹೌಸಿನಲ್ಲಿ ಕೆಲಸ, ಬಾಕಿ ಇದ್ದ ರಜೆ ತೀರಿಸುತ್ತಿದ್ದಾರಂತೆ. ಇಪ್ಪತ್ತೊಂದನೇ ತಾರೀಖಿಗೆ ಮೂವತ್ತು ವರ್ಷ ತುಂಬುತ್ತದೆ. ತುಂಬಿದರೆ ನಿವೃತ್ತಿಯ ಪೂರ್ತಿ ಹಣ, ಒಂದು ದಿನ ಕಡಿಮೆಯಾದರೂ ಅರ್ಧ. ಅಲ್ಲಿಯವರೆಗೆ ಕೈಯನ್ನು ಡಾಕ್ಟರಿಗೆ ತೋರಿಸುವ ಹಾಗೂ ಇಲ್ಲ. ಕಾರ್ಖಾನೆಯ ಡಾಕ್ಟರ ಚೀಟಿ ಇಲ್ಲದೆ ಎಲ್ಲೂ ಹೋಗುವಂತಿಲ್ಲ, ಅವರು ಆ ಕೈ ನೋಡಿದರೆ 'ಕೆಲಸಕ್ಕೆ ಆಗದವರು' ಎಂದು ಬರೆದುಬಿಡುತ್ತಾರೆ. ಮನೆಯಲ್ಲಿ ಏನು ಕೇಳಿದರೂ ಒಂದೇ ಉತ್ತರ, "ಇಪ್ಪತ್ತೊಂದು ಆಗಲಿ." ಬಾಡಿಗೆ ಬಾಕಿ? ಇಪ್ಪತ್ತೊಂದು ಆಗಲಿ. ಹೊಸ ಹಾಸಿಗೆ? ಇಪ್ಪತ್ತೊಂದು ಆಗಲಿ. ಸೀನಿದರೂ ಅತ್ತೆ ಹಾಗೇ ಅನ್ನುತ್ತಾರೇನೋ!

ಸಂಜೆ ಕರಡಿ ಬಂದಾಗ ಇಷ್ಟು ದಿನ ಗಮನಿಸದ ಒಂದು ವಿಷಯ ಕಣ್ಣಿಗೆ ಬಿತ್ತು. ಅವನೂ ಅದೇ ಪಂಪ್‌ಹೌಸಿನಲ್ಲಿ ಅಲ್ಲವೇ, ಆದರೆ ಅವನ ಅಂಗಿಯ ಜೇಬಿನ ಮೇಲೆ ಮಾವನ ಹೆಸರು!

"ಇದೇನು, ಅಪ್ಪನ ಹೆಸರು ಹಾಕ್ಕೊಂಡು ತಿರುಗ್ತಿದೀಯ?"

"ನಂದಿನ್ನೂ ಬಂದಿಲ್ಲ. ಅಪ್ಪ ಹೇಗೂ ರಜೆ. ಇರೋದು ಎರಡೇ ಅಂಗಿ, ಅದನ್ನೇ ಹಾಕ್ಕೊಳ್ತಿದೀನಿ."

"ಇಷ್ಟು ದಿನ ಆದ್ರೂ ಒಂದು ಪಟ್ಟಿ ಕೊಡೋಕೆ ಆಗ್ಲಿಲ್ವಾ ಆ ಜುಗ್ಗರಿಗೆ?"

"ಬಿಡೇ, ಹೆಸರು ತಗೊಂಡು ಏನು ಮಾಡ್ಬೇಕು" ಎಂದು ಮಗ್ಗುಲು ತಿರುಗಿ ಮಲಗಿಬಿಟ್ಟ.

ನನಗೆ ಎಷ್ಟು ಕೆಟ್ಟದೆನಿಸಿತು! ಆಮೇಲೆ ಒಂದು ಉಪಾಯ ಹೊಳೆಯಿತು. ತೊಂಬತ್ತನೇ ದಿನಕ್ಕೆ ಉಡುಗೊರೆ ಸಿಕ್ಕಿತು!!

ಮಂಗಳವಾರ, ೫

ಮಾಡಿಬಿಟ್ಟೆ!

ಕಾರ್ಖಾನೆಯ ಗಂಟು ಹೇಗೂ ನಮ್ಮಲ್ಲಿಗೇ ಬರುತ್ತದೆ. ಇನ್ನೂರಹನ್ನೆರಡು ಅಂಗಿಗಳಲ್ಲಿ ಮಾವನ ಹೆಸರಿನದನ್ನು ಹುಡುಕಿ ತೆಗೆದೆ. ಅಕ್ಕ ಹಿಂದುಗಡೆ ಚಹಾ ಕುಡಿಯುತ್ತಿದ್ದಾಗ ಹಳೆಯ ಪಟ್ಟಿ ಬಿಚ್ಚಿ, ಅಕ್ಷರ ಜೋಡಿಸಿ, ನನ್ನ ಕರಡಿಯ ಹೆಸರು ಅಚ್ಚೊತ್ತಿ, ಪುಟಾಣಿ ಹೊಲಿಗೆಯಲ್ಲಿ ಹೊಲಿದೆ. ಎಷ್ಟು ಮುದ್ದಾಗಿ ಕಾಣುತ್ತದೆ ಅವನ ಹೆಸರು! ಕೊನೆಯಲ್ಲಿ ಯಾರೂ ಇಲ್ಲದ್ದು ನೋಡಿ ಜೇಬಿಗೆ ಒಂದು ಮುತ್ತೂ ಕೊಟ್ಟೆ. ಯಜಮಾನಿ ನೋಡಿದ್ದರೆ ಅದಕ್ಕೂ ಚೀಟಿ ಕಟ್ಟು ಅನ್ನುತ್ತಿದ್ದರು.

ಸಂಜೆಯ ಗಾಡಿಯಲ್ಲಿ ಗಂಟು ಹೋಗಿರುತ್ತದೆ. ಗುರುವಾರ ಕಾರ್ಖಾನೆಯ ಸ್ಟೋರಿನಲ್ಲಿ ಅಂಗಿ ತೆಗೆದುಕೊಳ್ಳುವಾಗ ಅವನ ಮುಖ ನೋಡಬೇಕಿತ್ತು!

ಬುಧವಾರ, ೬

ಹೇಗೆ ಬರೆಯಲಿ.

ಕರಡಿ ನಾಲ್ಕು ಗಂಟೆಗೇ ಬಂದ. ಶೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತ. "ನನ್ನ ಹೆಸರು ಹೊಲಿದಿದ್ದು ನೀನಾ?" ಎಂದು ಕೇಳಿದ. ನಾನು ನಗುತ್ತಾ, "ಯಾರಪ್ಪಾ ಮುಂಚೇನೇ ಹೇಳ್ಬಿಟ್ಟಿದ್ದು?" ಅಂದೆ. ಅತ್ತೆಯ ಕೈಯಿಂದ ಸೌಟು ಕೆಳಗೆ ಬಿತ್ತು.

ಅವನಿಗೆ ಅಲ್ಲಿ ಕೆಲಸವೇ ಇಲ್ಲ.

ನಾಲ್ಕು ತಿಂಗಳ ಹಿಂದೆ ಮಾವನ ಕೈ ಪೂರ್ತಿ ಸೋತಿತಂತೆ. ಗಂಟೆಗೊಮ್ಮೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕು, ವಾಲ್ವ್ ತಿರುಗಿಸಬೇಕು, ಎರಡೂ ಆಗುತ್ತಿಲ್ಲ. ಪಂಪ್‌ಹೌಸ್ ಕಾರ್ಖಾನೆಯ ಹಿತ್ತಲಿನಲ್ಲಿದೆ, ಇರುವುದು ಒಬ್ಬನೇ. ಅಂದಿನಿಂದ ಮಾವನ ಕಾರ್ಡು, ಮಾವನ ಅಂಗಿ, ಮಾವನ ಹಾಜರಿಯಲ್ಲಿ ಮಗ ಹೋಗಿ ದುಡಿದು ಬರುತ್ತಿದ್ದಾನೆ. ಗೇಟಿನವರಿಗೆ ಗೊತ್ತು. ಅಕ್ಕಪಕ್ಕದ ಕೆಲಸಗಾರರಿಗೂ ಗೊತ್ತು. ಮಾವ ಒಳ್ಳೆಯವರೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾರೆ. ಆದರೆ ಕಾಗದಕ್ಕೆ ಗೊತ್ತಿಲ್ಲ. ಇವತ್ತು ಸ್ಟೋರ್ ಗುಮಾಸ್ತ ಅಂಗಿ ಎಣಿಸುವಾಗ ಕೆಲಸಗಾರರ ಲಿಸ್ಟಿನಲ್ಲಿಲ್ಲದ ಹೆಸರೊಂದು ಸಿಕ್ಕಿದೆ, ಮಾವನ ಅಂಗಿ ಒಂದು ಕಡಿಮೆ ಬಂದಿದೆ. ಹೋದ ತಿಂಗಳು ತಾಮ್ರದ ಪೈಪು ಕಳುವಾಗಿತ್ತು. ಹೊರಗಿನವನು ಯಾರೋ ನಮ್ಮ ಅಂಗಿ ಹಾಕಿಕೊಂಡು ಒಳಗೆ ಬರುತ್ತಿದ್ದಾನೆ ಎಂದು ಗುಲ್ಲಾಗಿದೆ.

"ಅಪ್ಪನ ಫೈಲಿನಲ್ಲಿ ವಾರಸುದಾರ ಅಂತ ನನ್ನ ಹೆಸರಿದೆ" ಅಂದ. "ಯಾರಾದ್ರೂ ತೆಗೆದು ನೋಡಿದ್ರೆ ಮುಗೀತು. ಅರ್ಧಾನೂ ಕೊಡಲ್ಲ, ಮೋಸ ಅಂತ ಬರೆದು ಕಳಿಸ್ತಾರೆ."

"ನಮ್ಮಪ್ಪನ ಹತ್ರ ಹುಡುಗನಿಗೆ ಕಾರ್ಖಾನೆ ಕೆಲಸ ಅಂತ ಹೇಳಿದ್ರಲ್ಲ?"

"ಕಾರ್ಖಾನೆಯಲ್ಲೇ ಕೆಲಸ ಮಾಡ್ತಿದ್ನಲ್ಲ" ಅಂದ. ಆಮೇಲೆ ತಲೆ ತಗ್ಗಿಸಿದ.

ಅತ್ತೆ ಸೌಟು ತೊಳೆಯುತ್ತಾ, "ಇಪ್ಪತ್ತೊಂದು ಆದ ಮೇಲೆ ಹೇಳೋಣ ಅಂತಿದ್ವಿ ಕಣಮ್ಮ" ಅಂದರು. ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಮಾವ ಒಳಗಿನ ಕೋಣೆಯಲ್ಲಿ ಎಡಗೈಯಿಂದ ಬಲಗೈಯನ್ನು ಒತ್ತಿಹಿಡಿದು ಕುಳಿತಿದ್ದರು.

ಗುರುವಾರ, ೭

ಗುಮಾಸ್ತ ಹನ್ನೊಂದು ಗಂಟೆಗೆ ಲಾಂಡ್ರಿಗೆ ಬಂದ. ಅಂಗಿಯನ್ನು ಕೌಂಟರಿನ ಮೇಲೆ ಹರಡಿ, ಪಟ್ಟಿಯ ಮೇಲೆ ಬೆರಳಿಟ್ಟ.

"ಇವನು ಯಾರು ಯಜಮಾನಿಯವರೇ? ನಮ್ಮಲ್ಲಿ ಈ ಹೆಸರಿನವನೇ ಇಲ್ಲ. ನೀವು ಅಂಗಿ ಒಗೀತೀರೋ, ಆಳು ಸೇರಿಸ್ತೀರೋ?"

ಯಜಮಾನಿ ಅಂಗಿ ನೋಡಿದರು, ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಚೀಟಿಯ ದಾರವಿತ್ತು. ನಾನು ಚೀಟಿ ಕಟ್ಟುವವಳು. ಅವರ ಕಣ್ಣು ನನ್ನನ್ನು ದಾಟಿ ಕಿಟಕಿಯ ಕಡೆಗೆ ಹೋಯಿತು.

"ಏನು ಅಕ್ಕ ಇದು?"

ಅಕ್ಕ ಎದ್ದು ಬಂದು, ಅಂಗಿಯನ್ನು ಬೆಳಕಿಗೆ ಒಯ್ದು, ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು. ಅವರು ಕಲಿಸಿದ ಹೊಲಿಗೆಯೇ ಅದು. ಈಗ ನನ್ನ ಕಡೆ ನೋಡುತ್ತಾರೆ ಎಂದು ಕಾದೆ. ಅವರು ನೋಡಲೇ ಇಲ್ಲ.

"ನಂದೇ ಇರ್ಬೇಕು" ಅಂದರು. "ಹೋಟೆಲಿನವರ ಹೆಸರೋ ಆಸ್ಪತ್ರೆಯವರದೋ ಇದಕ್ಕೆ ಹಾಕ್ಬಿಟ್ಟಿದೀನಿ. ನೆನಪಾಗ್ತಿಲ್ಲ. ಈಚೆಗೆ ಕಣ್ಣು ಸ್ವಲ್ಪ ಮಂಜು."

"ಹಾಗಂತ ಬರ್ಕೊಡಿ" ಅಂದ ಗುಮಾಸ್ತ. "ನನಗೂ ಮೇಲಿನವರಿಗೆ ತೋರ್ಸೋಕೆ ಒಂದು ಕಾಗದ ಬೇಕು."

ಯಜಮಾನಿ ಬರೆದರು, ಅಕ್ಕ ಸಹಿ ಹಾಕಿದರು. ಎಷ್ಟು ದುಂಡಗಿನ ಸಹಿ! ಗುಮಾಸ್ತನಿಗೆ ಸಮಾಧಾನವಾಯಿತು, ಒಂದು ಲೋಟ ನೀರು ಕೇಳಿದ. ತಂದುಕೊಟ್ಟವಳು ನಾನು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಮಾತಿಗೆ ಮಾವನ ಮೂವತ್ತು ವರ್ಷ ಹೋಗುತ್ತಿತ್ತು. ಹದಿನಾಲ್ಕು ದಿನ ಅಷ್ಟೇ ಉಳಿದಿರುವುದು. ಆಮೇಲೆ ನಾನೇ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ, ಕಾಲು ಹಿಡಿಯುತ್ತೇನೆ. ಅವರು ನಗುತ್ತಾರೆ. ಖಂಡಿತ ನಗುತ್ತಾರೆ.

ಇವತ್ತು ತೊಂಬತ್ತನೇ ದಿನ. ಕರಡಿಗೆ ನೆನಪಿತ್ತು. ಎರಡು ಪೇಸ್ಟ್ರಿ ತಂದಿದ್ದ. ನಾವು ಅವನ್ನು ಅತ್ತೆ ಮಾವನಿಗೆ ಕೊಟ್ಟೆವು.

ಶುಕ್ರವಾರ, ೮

ಕಾರ್ಖಾನೆಯಿಂದ ಫೋನ್ ಬಂತು. ಹೊಲಿಯುವವರನ್ನು ಬದಲಾಯಿಸದಿದ್ದರೆ ಗಂಟು ಬೇರೆ ಕಡೆ ಕೊಡುತ್ತಾರಂತೆ. ಯಜಮಾನಿ ಅಕ್ಕನನ್ನು ಒಳಗೆ ಕರೆದು ಮಾತಾಡಿದರು. ಅಕ್ಕ ಕತ್ತರಿ, ಹೊಲಿಯುವಾಗ ಹಾಕುವ ಬೆರಳಿನ ಟೋಪಿ, ಕುರ್ಚಿಯ ದಿಂಬು ತೆಗೆದುಕೊಂಡು ಹೋದರು. ಹೋಗುವಾಗ ನನಗೆ, "ಅಚ್ಚಿನ ಪೆಟ್ಟಿಗೇಲಿ ಒಂದು ಅಕ್ಷರ ಸವೆದಿದೆ, ಒತ್ತಿ ಹಿಡಿ" ಅಂದರು.

ಮನೆಗೆ ಬಂದು ಬಟ್ಟೆ ನೆನೆಸಿದೆ, ಮಾವನಿಗೆ ಊಟ ತಿನ್ನಿಸಿದೆ. ಹಾಲಿನವರಿಗೆ ದುಡ್ಡು ಕೊಡುವುದು ಇನ್ನೂ ಇದೆ.

ಭಾನುವಾರ, ೧೦

ಎಲ್ಲರೂ ಮನೆಯಲ್ಲಿ. ಎರಡು ಕೋಣೆಯಲ್ಲಿ ನಾಲ್ಕು ಜನ, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತದೆ. ಮನೆ ಮಾಲೀಕರು ಬಂದು ಮೆಟ್ಟಿಲಿನಲ್ಲೇ ನಿಂತು, "ತಿಂಗಳ ಕೊನೆ ಅಂದಿದ್ರಿ, ಮರೀಬೇಡಿ" ಎಂದು ಹೋದರು. ಅತ್ತೆ ಒಳಗಿನಿಂದಲೇ, "ಮರೆಯೋಕೆ ನೀವು ಬಿಟ್ರೆ ತಾನೇ" ಅಂದರು. ಅವರು ಮೆಟ್ಟಿಲು ಇಳಿದ ಮೇಲೆ.

ಮಧ್ಯಾಹ್ನ ಒಗೆದ ಬಟ್ಟೆ ಮಡಿಸುವಾಗ ಕರಡಿ ನನ್ನ ಪಕ್ಕ ಬಂದು ಕುಳಿತ.

"ಆ ಅಕ್ಕನಿಗಾದ್ರೂ ಹೇಳ್ಬಿಡೋಣ ಕಣೇ. ಒಬ್ಬರಿಗೇ. ಅವರು ಯಾರಿಗೂ ಹೇಳಲ್ಲ."

"ಹೇಳಿದ್ರೆ?"

"ಹೇಳೋ ಥರದವರಲ್ಲ ಅಂತ ನೀನೇ ಅಂತಿದ್ಯಲ್ಲ."

"ಕೆಲಸ ಹೋದವರು ಏನು ಮಾಡ್ತಾರೋ ಯಾರಿಗೆ ಗೊತ್ತು" ಅಂದೆ. "ನೀವು ಮೂರು ತಿಂಗಳು ನನಗೇ ಹೇಳ್ಲಿಲ್ಲ. ಇನ್ನು ಹನ್ನೊಂದು ದಿನ ಅವರಿಗೆ ಹೇಳ್ದೆ ಇರೋಕೆ ಆಗಲ್ವಾ?"

ಕರಡಿ ಒಂದು ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಮಾವನಿಗೆ ಎಲ್ಲ ಕೇಳಿಸಿರಬೇಕು. ಸಂಜೆ ನಾನು ತಿನ್ನಿಸುವಾಗ, "ಆ ಹೆಂಗಸಿಗೆ ಮಕ್ಕಳಿದ್ದಾರಾ?" ಎಂದು ಕೇಳಿದರು. ಇಲ್ಲ ಅಂದೆ. ಎರಡು ತುತ್ತಿಗೇ ಸಾಕು ಅಂದರು. ಊಟ ಬಿಟ್ಟರೆ ಇಪ್ಪತ್ತೊಂದಕ್ಕೆ ಎದ್ದು ನಡೆಯುವವರು ಯಾರು ಎಂದು ಗದರಿಸಿ ತಿನ್ನಿಸಿದೆ.

ಬುಧವಾರ, ೧೩

ಯಜಮಾನಿ ಕರೆದು ಕೇಳಿದರು, "ಹೊಲಿಗೆ ಬರುತ್ತಾ ನಿಂಗೆ?"

"ಬರುತ್ತೆ. ಪೂರ್ತಿ ದಿನ ಆದ್ರೆ ಎಷ್ಟು ಕೊಡ್ತೀರಿ?"

ಅವರು ನಕ್ಕರು. "ಬಂದಾಗ ಬಾಯಲ್ಲಿ ಬೆರಳಿಟ್ರೂ ಕಚ್ಚಕ್ಕೆ ಬರಲ್ಲ ಅನ್ನೋ ಹಾಗಿದ್ದೆ."

ಎಂಟರಿಂದ ಆರು. ಕಿಟಕಿಯ ಕುರ್ಚಿ. ದಿಂಬು ಇಲ್ಲದ್ದರಿಂದ ಬೆನ್ನು ನೋಯುತ್ತದೆ, ಮನೆಯಿಂದ ಒಯ್ಯಬೇಕು. ಅತ್ತೆ ಅಡುಗೆ ನೋಡಿಕೊಳ್ಳುತ್ತಾರೆ. ಇವತ್ತು ನಲವತ್ತು ಪಟ್ಟಿ.

ಗುರುವಾರ, ೨೧

ಆಯಿತು. ಮೂವತ್ತು ವರ್ಷ.

ಸಹಿ ಹಾಕಲು ಮಾವನೇ ಬರಬೇಕಿತ್ತು. ನನ್ನವರು ಗೇಟಿನ ಹೊರಗೇ ಉಳಿದರು, ನಾನು ಮಾವನ ಬಲಗಡೆ ನಡೆದೆ, ಅವರ ಕೈಯನ್ನು ನನ್ನ ತೋಳಿನ ಸಂದಿಯಲ್ಲಿ ಸಿಕ್ಕಿಸಿಕೊಂಡು. ನೋಡಿದವರಿಗೆ ಸೊಸೆಯ ಪ್ರೀತಿ. ಹೋದ ವಾರವೆಲ್ಲ ಸಹಿ ಅಭ್ಯಾಸ ಮಾಡಿಸಿದ್ದೆ, ಮೇಜಿಗೆ ಮೊಣಕೈ ಊರಿದರೆ ನಡುಕ ಕಡಿಮೆ.

ಕಚೇರಿಯ ಅಧಿಕಾರಿ ಒಬ್ಬ ಹೆಂಗಸು. ಫೈಲು ತಿರುಗಿಸುತ್ತಾ ಒಂದು ಕಡೆ ನಿಂತರು. ಕನ್ನಡಕ ಸರಿಮಾಡಿಕೊಂಡರು.

"ಮಗನ ಹೆಸರು ಇದಾ? ಈಚೆಗೆ ಎಲ್ಲೋ ನೋಡಿದೀನಲ್ಲ. ಆ ಲಾಂಡ್ರಿಯ ಕಾಗದದಲ್ಲಿ..."

ಮಾವನ ತೋಳು ನನ್ನ ತೋಳಿನೊಳಗೆ ಜಿಗಿದಾಡತೊಡಗಿತು. ನಾನು ನಕ್ಕೆ.

"ತುಂಬಾ ಸಾಮಾನ್ಯ ಹೆಸರು ಮೇಡಂ. ನಮ್ಮ ಕ್ಲಾಸಿನಲ್ಲೇ ಮೂರು ಜನ ಇದ್ರು. ಟೀಚರು ಒಂದು, ಎರಡು, ಮೂರು ಅಂತ ಕರೀತಿದ್ರು. ನನಗೆ ಸಿಕ್ಕಿದ್ದು ನಾಲ್ಕನೆಯವರು!"

ಅವರೂ ನಕ್ಕು ಹಾಳೆ ತಿರುಗಿಸಿದರು. ಕ್ಲಾಸಿನಲ್ಲಿ ಆ ಹೆಸರಿನವರು ಒಬ್ಬರೂ ಇರಲಿಲ್ಲ.

ಮಾವ ಸಹಿ ಹಾಕಲು ಬಹಳ ಹೊತ್ತು ತೆಗೆದುಕೊಂಡರು. "ಮೂವತ್ತು ವರ್ಷ ಅಂದ್ರೆ ಸುಮ್ನೇನಾ, ಕೈ ನಡುಗದೇ ಇರುತ್ತಾ" ಎಂದು ಅಧಿಕಾರಿಯೇ ಅಂದರು. ಹಣ ತಿಂಗಳ ಕೊನೆಗೆ ಬ್ಯಾಂಕಿಗೆ ಬರುತ್ತದೆ.

ಗೇಟಿನ ಹೊರಗೆ ಇವರು ಅಪ್ಪನನ್ನು ತಬ್ಬಿಕೊಂಡು ಅತ್ತರು. ನನಗೆ ಲಾಂಡ್ರಿಗೆ ಹೊತ್ತಾಗಿತ್ತು.

ಶನಿವಾರ, ೨೩

ಬೆಳಿಗ್ಗೆ ಮಾವನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರ್ ಕೇಳಿದರು. "ಒಂದು ತಿಂಗಳಿಂದ" ಅಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ, ಬಾಯಿಗೆ ಬಂತು. ಅವರು ಮಾವನ ಅಂಗೈಯನ್ನು ತಿರುಗಿಸಿ, ಹೆಬ್ಬೆರಳಿನ ಬುಡದಲ್ಲಿ ಬಿದ್ದ ಗುಳಿ ತೋರಿಸಿದರು.

"ಒಂದು ತಿಂಗಳಿಗೆ ಸ್ನಾಯು ಇಷ್ಟು ಕರಗಲ್ಲಮ್ಮ. ಆಗಲೇ ಬಂದಿದ್ರೆ ತಡೀಬಹುದಿತ್ತು. ಇನ್ನು ಇರೋದನ್ನ ಉಳಿಸ್ಕೊಳ್ಳೋದು ಅಷ್ಟೇ."

ಮಾವ, "ಸರಿ ಸಾರ್" ಅಂದರು, ಸಂಬಳದ ಚೀಟಿ ತೆಗೆದುಕೊಳ್ಳುವ ಹಾಗೆ. ಮಾತ್ರೆಗಳು ಜೀವಮಾನ ಪೂರ್ತಿ. ಬಸ್ಸಿನಲ್ಲಿ ಇವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಇವತ್ತು ಅಕ್ಕನ ಮನೆಗೆ ಹೋಗೋಣ ಅಂದಿದ್ದೆಯಲ್ಲ ಎಂದು ಕೇಳಿದರು. ಹಣ ಕೈಗೆ ಬರಲಿ ಅಂದೆ. ಬ್ಯಾಂಕಿಗೆ ಬರುವವರೆಗೆ ಏನನ್ನೂ ನಂಬುವ ಹಾಗಿಲ್ಲ.

ಹನ್ನೆರಡಕ್ಕೆ ಕೆಲಸಕ್ಕೆ ಹೋದೆ. ಮೂರು ಗಂಟೆಯ ಹೊತ್ತಿಗೆ ಅಕ್ಕನೇ ಲಾಂಡ್ರಿಗೆ ಬಂದರು! ಯಜಮಾನಿ ಇರಲಿಲ್ಲ. ಕೋಟು ಬಿಚ್ಚಿ ಕೌಂಟರಿನ ಮೇಲಿಟ್ಟು, ಮುಷ್ಟಿಯಿಂದ ಒಂದು ಗುಂಡಿ ತೆಗೆದು ಅದರ ಮೇಲಿಟ್ಟರು.

"ಇದೊಂದು ಹಾಕ್ಕೊಡ್ತೀಯಾ?"

"ಅಕ್ಕ, ನೀವು ನನ್ನ ಹತ್ರ ಗುಂಡಿ ಹಾಕಿಸ್ಕೊಳ್ತೀರಾ?"

"ಮನೇಲಿ ಸೂಜಿ ಹಿಡಿದೆ. ಹಿಡಿದು ಹಾಗೇ ಇಟ್ಟೆ." ಅವರು ತಗ್ಗಿದ ದನಿಯಲ್ಲಿ ಹೇಳಿದರು, "ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ. ಕಣ್ಣು ಚೆನ್ನಾಗೇ ಇದೆ ಅಂದ್ರು, ನಿಮ್ಮ ವಯಸ್ಸಿಗೆ ಇಷ್ಟು ಒಳ್ಳೆ ಕಣ್ಣು ನೋಡೇ ಇಲ್ಲ ಅಂದ್ರು. ಹಾಗಾದ್ರೆ ಕೆಟ್ಟಿರೋದು ಕಣ್ಣಲ್ಲ, ತಲೆ, ಅಲ್ವಾ? ಆ ಅಂಗಿ ಹೊಲಿದಿದ್ದು ನಂಗೆ ಒಂಚೂರೂ ನೆನಪಿಲ್ಲ ಕಣೇ. ಮೊನ್ನೆಯಿಂದ ಒಲೆ ಆರಿಸಿದೀನಾ ಅಂತ ನಾಲ್ಕು ನಾಲ್ಕು ಸಲ ನೋಡ್ತೀನಿ."

ದಾರ ಪೋಣಿಸುತ್ತಾ, "ವಯಸ್ಸಾದ ಮೇಲೆ ಎಲ್ರಿಗೂ ಹಾಗೇ ಅಕ್ಕ" ಅಂದೆ. "ಯೋಚನೆ ಮಾಡ್ಬೇಡಿ."

"ಹೂಂ. ಎಲ್ರಿಗೂ ಹಾಗೇ" ಅಂದರು. ನಾನು ಹೊಲಿಯುವುದನ್ನು ಅವರು ನೋಡಲಿಲ್ಲ, ಗೋಡೆ ನೋಡುತ್ತಿದ್ದರು. ನಾಲ್ಕು ಕಣ್ಣಿನ ಗುಂಡಿ, ಅಡ್ಡಡ್ಡ ಹೊಲಿಗೆ ಹಾಕಿ, ಬುಡಕ್ಕೆ ದಾರ ಸುತ್ತಿ ಗಂಟು ಹಾಕಿದೆ. ಇನ್ನು ಹತ್ತು ವರ್ಷ ಕದಲುವುದಿಲ್ಲ.

ಎಷ್ಟಾಯಿತು ಎಂದು ಪರ್ಸು ತೆಗೆದರು. "ನಿಮ್ಮ ಹತ್ರ ದುಡ್ಡು ತಗೊಳ್ತೀನಾ?" ಎಂದು ಅವರ ಕೈ ಮಡಿಸಿ ವಾಪಸು ಕಳಿಸಿದೆ. ಅವರು ನನ್ನ ಕೆನ್ನೆ ತಟ್ಟಿ, ಬಾಗಿಲಿನ ಒಂದೇ ಒಂದು ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿದು ಹೋದರು.

ಬಹಳ ದಿನದ ಮೇಲೆ ಮನಸ್ಸಿಗೆ ಸ್ವಲ್ಪ ಹಗುರವೆನಿಸಿತು. ಅಷ್ಟಾದರೂ ಮಾಡಿದೆನಲ್ಲ. ಹಸಿವೂ ಚೆನ್ನಾಗಿ ಆಯಿತು, ಡಬ್ಬಿಯ ಊಟ ಪೂರ್ತಿ ಮುಗಿಸಿದೆ. ಆರು ಗಂಟೆಯೊಳಗೆ ಐವತ್ತೆರಡು ಪಟ್ಟಿ, ಒಂದೂ ತಪ್ಪಿಲ್ಲ.